ಕಾವಲು ಕ್ಯಾಮರಾದ ಚಿತ್ರ ಕಣದಿಂದ ಮನೆಗೆ ಬರುವ ಬಗೆ

ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ದಾರಿಯಲ್ಲಿ ಸಂಸೆ ಎಂಬ ಊರಿದೆ. ಸುತ್ತಲೂ ಬೆಟ್ಟ, ಬೆಟ್ಟದ ಇಳಿಜಾರುಗಳಲ್ಲಿ ಕಾಫಿ, ಚಹ, ಅಡಕೆ, ಮೆಣಸಿನ ತೋಟಗಳು. ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ಗುಡ್ಡವೋ ಹಳ್ಳವೋ ಅಡ್ಡವಾಗಿರುವುದು ಚಿಕ್ಕಮಗಳೂರು ಜಿಲ್ಲೆಯ ಈ ಭಾಗದಲ್ಲಿ ಸಾಮಾನ್ಯ. ಕಾಫಿಯ ಹಣ್ಣನ್ನು ಕೊಯ್ದು ಕಣದಲ್ಲಿ ಹರವಿ ಒಣಗಿಸುವ ತಿಂಗಳುಗಳಲ್ಲಿ ಬೆಳೆಗಾರನ ವರ್ಷದ ದುಡಿಮೆಯೆಲ್ಲ ಬಯಲಿನಲ್ಲಿರುವುದು. ಹಿಂದೆ ಕಾವಲಿನವನೊಬ್ಬನು ಕಂಬಳಿ ಹೊದೆದು, ಬೆಂಕಿಯ ಮುಂದೆ ಕುಳಿತು, ರಾತ್ರಿಯೆಲ್ಲ ಅದನ್ನು ಕಾಯುತ್ತಿದ್ದನು. ಈಗ ಅನೇಕ ತೋಟಗಳಲ್ಲಿ ಕಂಬದ ಮೇಲಿನ ಒಂದು ಸಣ್ಣ ಕ್ಯಾಮರಾವೂ ಕಾವಲಿಗೆ ನಿಂತಿದೆ.

ಇಂತಹ ಕ್ಯಾಮರಾದ ಚಿತ್ರವನ್ನು ಕೈಯಲ್ಲಿನ ಫೋನಿನಲ್ಲಿ ನೋಡುವುದು ಈಗ ಯಾರಿಗೂ ಬೆರಗಿನ ಸಂಗತಿಯಲ್ಲ. ಆದರೆ ಇದರಲ್ಲಿ ವಿಚಾರಮಾಡತಕ್ಕ ಒಂದು ಒಗಟಿದೆ. ಗಾಳಿಗೆ ಮರವೊಂದು ಉರುಳಿ, ಊರಿಗೆ ಬರುವ ಇಂಟರ್‌ನೆಟ್ಟಿನ ತಂತಿ ಕಡಿಯಿತೆಂದು ಭಾವಿಸೋಣ. ಮನೆಯಲ್ಲಿ ಇನ್ವರ್ಟರ್ ಇದೆ. ಕ್ಯಾಮರಾಕ್ಕೆ ವಿದ್ಯುತ್ತು ದೊರೆಯುತ್ತಿದೆ. ಅದರ ಕಣ್ಣು ತೆರೆದೇ ಇದೆ. ಆದರೂ ಫೋನಿನ ಪರದೆಯ ಮೇಲೆ ಚಿತ್ರ ಮೂಡದೆ, ಒಂದು ಚಕ್ರ ಮಾತ್ರ ಸುಮ್ಮನೆ ಸುತ್ತುತ್ತಿರುವುದು. ಕಣಕ್ಕೂ ಮನೆಗೂ ನಡುವಿನ ದೂರ ಒಂದು ಕೂಗಳತೆ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರುವ ಕಣವು ಕಾಣದೆ ಹೋದುದೇಕೆ?

ಕಾರಣವಿಷ್ಟೆ. ಕ್ಯಾಮರಾದೊಡನೆ ದೊರೆಯುವ ಹಲವು ಆ್ಯಪ್‌ಗಳು ಚಿತ್ರವನ್ನು ನೇರವಾಗಿ ಕ್ಯಾಮರಾದಿಂದ ತೆಗೆದುಕೊಳ್ಳುವುದಿಲ್ಲ. ಚಿತ್ರವು ಮೊದಲು ತಯಾರಕರ ಗಣಕಯಂತ್ರಗಳಿರುವ ಯಾವುದೋ ದೂರದ ಊರಿಗೆ ಹೋಗಿ, ಅಲ್ಲಿಂದ ಮರಳಿ ಅದೇ ಮನೆಗೆ ಬರುವುದು. ಅಂಗಳದ ಬಾವಿಯ ನೀರನ್ನು ಪಟ್ಟಣಕ್ಕೆ ಸಾಗಿಸಿ, ಮತ್ತೆ ಅಡಿಗೆಮನೆಗೆ ತರಿಸಿದಂತಾಯಿತು. ಈ ಸುತ್ತುದಾರಿಯಲ್ಲಿ ಎಲ್ಲಿ ತಡೆಯುಂಟಾದರೂ ಕಣ ಕಾಣದು. ಆದರೆ ಇದು ಇರುವುದೊಂದೇ ದಾರಿಯಲ್ಲ. ಕ್ಯಾಮರಾ, ಫೋನು, ಗಣಕಯಂತ್ರ ಇವೆಲ್ಲವೂ ಒಂದೇ ರೌಟರಿಗೆ ಹೊಂದಿಕೊಂಡಿದ್ದರೆ, ಅವುಗಳ ನಡುವೆ ಒಂದು ಸ್ಥಳೀಯ ಜಾಲ ಆಗಲೇ ಏರ್ಪಟ್ಟಿರುವುದು. ಹೊರಗಿನ ಇಂಟರ್‌ನೆಟ್ಟು ಇರಲಿ, ಇಲ್ಲದಿರಲಿ, ಈ ಜಾಲದೊಳಗೆ ಚಿತ್ರವು ಓಡಾಡಬಲ್ಲದು. ಅಷ್ಟೇ ಅಲ್ಲ, ಒಂದೇ ಕ್ಯಾಮರಾದ ಚಿತ್ರವನ್ನು ಏಕಕಾಲದಲ್ಲಿ ನೋಡುವ, ದಾಖಲಿಸುವ, ಪರೀಕ್ಷಿಸುವ ಬೇರೆಬೇರೆ ಪ್ರೋಗ್ರಾಮುಗಳಿಗೆ ಹಂಚಲೂಬಹುದು. ಇದು ಹೇಗೆ ಸಾಧ್ಯವಾಗುವುದೆಂಬುದನ್ನು ಈಗ ಪರಿಶೀಲಿಸೋಣ.

ಕಾಫಿಯನ್ನು ಕಾಯ್ದ ಒಂದು ಹಳೆಯ ಕ್ಯಾಮರಾ

ಸ್ಥಳೀಯ ಜಾಲದ ಮೇಲೆ ಕ್ಯಾಮರಾದ ಚಿತ್ರವನ್ನು ಹಂಚಿದ ಪ್ರಸಿದ್ಧ ನಿದರ್ಶನವೊಂದು ಕಾಫಿಗೇ ಸಂಬಂಧಿಸಿದೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಕ ಪ್ರಯೋಗಾಲಯದಲ್ಲಿ ಟ್ರೋಜನ್ ರೂಮ್ ಎಂಬ ಕೋಣೆಯಿತ್ತು. ಅದರ ಹೊರಗೆ ಕಾಫಿ ಕಾಯಿಸುವ ಒಂದು ಪಾತ್ರೆ. ಬೇರೆ ಅಂತಸ್ತುಗಳಲ್ಲಿ ಕೆಲಸ ಮಾಡುತ್ತಿದ್ದ ಸಂಶೋಧಕರು ಮೆಟ್ಟಿಲು ಹತ್ತಿ ಬಂದು ನೋಡಿದರೆ ಅದು ಎಷ್ಟೋ ಸಲ ಬರಿದಾಗಿರುತ್ತಿತ್ತು. 1991ರಲ್ಲಿ ಅವರು ಪಾತ್ರೆಯ ಕಡೆಗೆ ಒಂದು ಕ್ಯಾಮರಾವನ್ನು ತಿರುಗಿಸಿಟ್ಟರು. ಚಿತ್ರವನ್ನು ಹಿಡಿದು ಜಾಲಕ್ಕೆ ಕೊಡುವ ಪ್ರೋಗ್ರಾಮನ್ನು ಪಾಲ್ ಜಾರ್ಡೆಟ್ಸ್ಕಿ ಬರೆದರು. ಅದನ್ನು ಪಡೆದು ಪ್ರತಿಯೊಬ್ಬರ ಪರದೆಯ ಮೂಲೆಯಲ್ಲಿ ತೋರಿಸುವ ಪ್ರೋಗ್ರಾಮನ್ನು ಕ್ವೆಂಟಿನ್ ಸ್ಟ್ಯಾಫರ್ಡ್-ಫ್ರೇಜರ್ ಬರೆದರು. ಚಿತ್ರದ ಅಗಲ 128 ಬಿಂದು, ಎತ್ತರವೂ 128 ಬಿಂದು. ಬಣ್ಣವಿಲ್ಲ. ನಿಮಿಷಕ್ಕೆ ಸುಮಾರು ಮೂರು ಸಲ ಮಾತ್ರ ಅದು ಹೊಸದಾಗುತ್ತಿತ್ತು. ಪಾತ್ರೆಯಲ್ಲಿ ಕಾಫಿ ಇದೆಯೇ ಇಲ್ಲವೇ ಎಂದು ತಿಳಿಯಲು ಅಷ್ಟು ಸಾಕಾಗಿತ್ತು.

1993ರ ನವೆಂಬರಿನಲ್ಲಿ ಈ ಚಿತ್ರವನ್ನು ಇಂಟರ್‌ನೆಟ್ಟಿಗೂ ಜೋಡಿಸಲಾಯಿತು. 2001ರ ಆಗಸ್ಟ್ 22ರಂದು ಕ್ಯಾಮರಾವನ್ನು ನಿಲ್ಲಿಸಲಾಯಿತು. ಜಗತ್ತೆಲ್ಲ ಅದನ್ನು ನೋಡಿದ್ದು ಆಮೇಲಿನ ಮಾತು. ಮೊದಲ ಎರಡು ವರ್ಷ ಅದು ಒಂದು ಕಟ್ಟಡದವರ ಅನುಕೂಲಕ್ಕಾಗಿ ಆ ಕಟ್ಟಡದ ಜಾಲದಲ್ಲೇ ಓಡಾಡುತ್ತಿದ್ದ ಚಿತ್ರವಾಗಿತ್ತೆಂಬುದನ್ನು ನಾವಿಲ್ಲಿ ಗಮನಿಸಬೇಕು. ಕೊಡುವ ಪ್ರೋಗ್ರಾಮು ಒಂದು, ಪಡೆಯುವ ಪ್ರೋಗ್ರಾಮುಗಳು ಹಲವು ಎಂಬ ಆ ಏರ್ಪಾಡೇ ಇಂದಿನ ಕಾವಲು ಕ್ಯಾಮರಾದಲ್ಲಿಯೂ ಉಳಿದಿದೆ.

ಚಿತ್ರದ ಭಾರ

ಆ ಹಳೆಯ ಚಿತ್ರಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕದಿಂದಲೇ ತಿಳಿಯಬಹುದು. ಸಾಮಾನ್ಯವಾದ ಇಂದಿನ ಕ್ಯಾಮರಾದ ಒಂದು ಚಿತ್ರದಲ್ಲಿ ಅಡ್ಡಲಾಗಿ 1,920, ಉದ್ದಲಾಗಿ 1,080, ಒಟ್ಟು 20,73,600 ಬಿಂದುಗಳಿರುವುವು. ಪ್ರತಿಯೊಂದು ಬಿಂದುವಿಗೂ ಕೆಂಪು, ಹಸುರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ಹೇಳುವ ಮೂರು ಸಂಖ್ಯೆಗಳು ಬೇಕು. ಒಂದೊಂದು ಸಂಖ್ಯೆಗೆ 8 ಬಿಟ್, ಅಂದರೆ 1 ಬೈಟ್ ಎಂದಿಟ್ಟುಕೊಂಡರೆ, ಒಂದು ಚಿತ್ರಕ್ಕೆ 62,20,800 ಬೈಟ್. ಕಣ್ಣಿಗೆ ಚಲನೆಯು ಸರಾಗವಾಗಿ ಕಾಣಲು ಸೆಕೆಂಡಿಗೆ 25 ಚಿತ್ರಗಳು ಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 1,244 ಮೆಗಾಬಿಟ್ ಆಯಿತು. ಕ್ಯಾಮರಾಗಳನ್ನು ಜೋಡಿಸುವ ಸಾಮಾನ್ಯ ತಂತಿಯ ಸಂಪರ್ಕವು ಸೆಕೆಂಡಿಗೆ 100 ಮೆಗಾಬಿಟ್ಟುಗಳನ್ನಷ್ಟೇ ಸಾಗಿಸಬಲ್ಲದು. ಹನ್ನೆರಡು ಪಾಲು ಹೆಚ್ಚಿನ ಹೊರೆಯನ್ನು ಅದರ ಮೇಲೆ ಹೇರುವುದು ಸಾಧ್ಯವಿಲ್ಲ.

ಆದುದರಿಂದ ಕ್ಯಾಮರಾವು ಚಿತ್ರವನ್ನು ಹೊರಗೆ ಕಳುಹಿಸುವ ಮೊದಲೇ ಅದನ್ನು ಸಂಕ್ಷೇಪಿಸುವುದು. 2003ರಲ್ಲಿ ಪ್ರಕಟವಾದ ಎಚ್.264 ಎಂಬ ವಿಧಾನವು ಇದಕ್ಕಾಗಿ ಬಹುವಾಗಿ ಬಳಕೆಯಲ್ಲಿದೆ. ಇದರ ತತ್ತ್ವ ಸರಳವಾದುದು. ರಾತ್ರಿಯ ಕಣದಲ್ಲಿ ಒಂದು ಸೆಕೆಂಡಿಗೂ ಮುಂದಿನ ಸೆಕೆಂಡಿಗೂ ಏನು ಬದಲಾವಣೆಯಾಗುವುದು? ಗೋಡೆ ಅಲ್ಲೇ ಇರುವುದು, ಹೊದಿಸಿದ ಟಾರ್ಪಾಲು ಅಲ್ಲೇ ಇರುವುದು. ಒಂದು ನಾಯಿ ಹಾದುಹೋದರೆ ನಾಯಿಯಿದ್ದ ಜಾಗ ಮಾತ್ರ ಬದಲಾಯಿತು. ಹೀಗಿರುವಾಗ ಪ್ರತಿ ಸಲವೂ ಇಡೀ ಚಿತ್ರವನ್ನು ಕಳುಹಿಸುವುದೇಕೆ? ಮೊದಲು ಒಂದು ಪೂರ್ಣಚಿತ್ರವನ್ನು ಕಳುಹಿಸಿ, ಆಮೇಲೆ ‘ಇಲ್ಲಿ ಇಷ್ಟು ಬದಲಾಗಿದೆ’ ಎಂದು ಹೇಳುವ ಭೇದಚಿತ್ರಗಳನ್ನು ಕಳುಹಿಸಿದರೆ ಸಾಕು. ಕೆಲವು ಸೆಕೆಂಡಿಗೊಮ್ಮೆ ಮತ್ತೆ ಒಂದು ಪೂರ್ಣಚಿತ್ರ. ಹೀಗೆ ಮಾಡಿದಾಗ 1,244 ಮೆಗಾಬಿಟ್ಟಿನ ಹೊರೆ 4 ಮೆಗಾಬಿಟ್ಟಿನಷ್ಟಕ್ಕೆ, ಎಂದರೆ ಸುಮಾರು ಮುನ್ನೂರರಲ್ಲಿ ಒಂದು ಪಾಲಿಗೆ ಇಳಿಯುವುದು.

ಈ ತತ್ತ್ವವನ್ನು ತಿಳಿದವರಿಗೆ ಮಲೆನಾಡಿನ ಕ್ಯಾಮರಾಗಳ ಒಂದು ವರ್ತನೆಯೂ ತಾನಾಗಿ ಅರ್ಥವಾಗುವುದು. ಜಡಿಮಳೆಯ ದಿನ ಚಿತ್ರವು ಒಡೆದು ಮಸುಕಾದಂತೆ ಕಾಣಿಸುವುದುಂಟು. ಮಸೂರಕ್ಕೆ ನೀರು ಹನಿಸಿದುದೊಂದೇ ಇದಕ್ಕೆ ಕಾರಣವಲ್ಲ. ಬೀಳುವ ಒಂದೊಂದು ಹನಿಯೂ, ಅಲುಗುವ ಒಂದೊಂದು ಎಲೆಯೂ ಒಂದು ಬದಲಾವಣೆ. ಭೇದಚಿತ್ರದಲ್ಲಿ ಹೇಳಬೇಕಾದ ಮಾತು ಬೆಳೆಯುತ್ತ ಹೋಗುವುದು; ಕ್ಯಾಮರಾಕ್ಕೆ ವಿಧಿಸಿದ ಮಿತಿಯಾದರೋ ಅಷ್ಟೇ. ಇದ್ದ ಮಿತಿಯಲ್ಲಿ ಎಲ್ಲವನ್ನೂ ಹೇಳಲು ಹೋಗಿ ಅದು ಯಾವುದನ್ನೂ ಸ್ಪಷ್ಟವಾಗಿ ಹೇಳಲಾರದು.

ಅಂಕಿ ಹಾಕಿದ ಕಾಗದಗಳು

ಸಂಕ್ಷೇಪಿಸಿದ ಚಿತ್ರವು ಜಾಲದ ಮೇಲೆ ಒಂದೇ ಪ್ರವಾಹವಾಗಿ ಹರಿಯುವುದಿಲ್ಲ. ಅದನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯಲಾಗುವುದು. ಸ್ಥಳೀಯ ಜಾಲದಲ್ಲಿ ಒಂದು ಪೊಟ್ಟಣವು ಸಾಮಾನ್ಯವಾಗಿ 1,500 ಬೈಟುಗಳನ್ನು ಮೀರುವಂತಿಲ್ಲ. ವಿಳಾಸ ಮೊದಲಾದವನ್ನು ಬಿಟ್ಟರೆ ಚಿತ್ರಕ್ಕೆ ಸುಮಾರು 1,400 ಬೈಟ್ ಉಳಿಯುವುದು. ಸೆಕೆಂಡಿಗೆ 4 ಮೆಗಾಬಿಟ್ ಎಂದರೆ 5 ಲಕ್ಷ ಬೈಟ್. ಆದುದರಿಂದ ಸೆಕೆಂಡಿಗೆ ಸುಮಾರು 350 ಪೊಟ್ಟಣಗಳು ಕಣದಿಂದ ಮನೆಗೆ ಬರುತ್ತಿರುವುವು.

ಉದ್ದವಾದ ಒಂದು ಪತ್ರವನ್ನು ಅನೇಕ ಕಾರ್ಡುಗಳಲ್ಲಿ ಬರೆದು ಅಂಚೆಗೆ ಹಾಕುವಾಗ ನಾವು ಪ್ರತಿಯೊಂದು ಕಾರ್ಡಿನ ಮೇಲೂ ಕ್ರಮಸಂಖ್ಯೆಯನ್ನು ಹಾಕುವೆವು. ಇಲ್ಲಿಯೂ ಹಾಗೆಯೇ. 1996ರಲ್ಲಿ ರೂಪಿಸಿ 2003ರಲ್ಲಿ ಪರಿಷ್ಕರಿಸಿದ ಆರ್‌ಟಿಪಿ ಎಂಬ ನಿಯಮದಂತೆ ಪ್ರತಿಯೊಂದು ಪೊಟ್ಟಣದ ಮೇಲೂ ಒಂದು ಕ್ರಮಸಂಖ್ಯೆಯೂ ಒಂದು ಕಾಲದ ಗುರುತೂ ಇರುವುವು. ದೃಶ್ಯಕ್ಕಾಗಿ ಬಳಸುವ ಕಾಲದ ಗಡಿಯಾರವು ಸೆಕೆಂಡಿಗೆ 90,000 ಸಲ ಮಿಡಿಯುವುದು. ಸೆಕೆಂಡಿಗೆ 25 ಚಿತ್ರಗಳಾದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ 3,600 ಮಿಡಿತಗಳು. ಪಡೆಯುವ ಪ್ರೋಗ್ರಾಮು ಈ ಗುರುತುಗಳನ್ನು ನೋಡಿ, ಹಿಂದುಮುಂದಾಗಿ ಬಂದ ಪೊಟ್ಟಣಗಳನ್ನು ಸಾಲಾಗಿಸಿ, ಚಿತ್ರಗಳನ್ನು ಸರಿಯಾದ ಲಯದಲ್ಲಿ ಪರದೆಗೆ ತರುವುದು.

ದಾರಿಯಲ್ಲಿ ಒಂದು ಪೊಟ್ಟಣ ಕಳೆದುಹೋದರೆ? ಇದಕ್ಕೆ ಎರಡು ಪದ್ಧತಿಗಳಿವೆ. ಟಿಸಿಪಿ ಎಂಬುದು ರಿಜಿಸ್ಟರ್ ಮಾಡಿದ ಅಂಚೆಯಂತೆ. ತಲುಪಿತೆಂಬ ರಸೀತಿ ಬಾರದಿದ್ದರೆ ಅದೇ ಪೊಟ್ಟಣವನ್ನು ಮತ್ತೆ ಕಳುಹಿಸುವುದು. ಯುಡಿಪಿ ಎಂಬುದು ಸಾದಾ ಕಾರ್ಡಿನಂತೆ, ಕಳುಹಿಸಿದರೆ ಮುಗಿಯಿತು. ಮೇಲ್ನೋಟಕ್ಕೆ ಮೊದಲನೆಯದೇ ಮೇಲೆನಿಸಬಹುದು. ಆದರೆ ಆಗಿಂದಾಗ ನೋಡಬೇಕಾದ ದೃಶ್ಯದಲ್ಲಿ ಎರಡು ಸೆಕೆಂಡು ತಡವಾಗಿ ಬಂದ ಪೊಟ್ಟಣದಿಂದ ಪ್ರಯೋಜನವೇನು? ಆ ಕ್ಷಣ ಆಗಲೇ ದಾಟಿಹೋಗಿರುವುದು. ಆದುದರಿಂದ ತಂತಿಯ ಜಾಲದಲ್ಲಿ ಯುಡಿಪಿಯೂ, ಪೊಟ್ಟಣಗಳು ಹೆಚ್ಚಾಗಿ ಕಳೆದುಹೋಗುವ ವೈಫೈ ಜಾಲದಲ್ಲಿ ಟಿಸಿಪಿಯೂ ಸಾಮಾನ್ಯವಾಗಿ ಅನುಕೂಲವಾಗುವುವು. ಕಳೆದುಹೋದ ಪೊಟ್ಟಣವು ಪೂರ್ಣಚಿತ್ರಕ್ಕೆ ಸೇರಿದ್ದಾದರೆ, ಮುಂದಿನ ಪೂರ್ಣಚಿತ್ರ ಬರುವವರೆಗೂ ಪರದೆಯ ಮೇಲೆ ಬಣ್ಣಗಳು ಕದಡಿದಂತಿರುವುವು. ಓದುಗರಲ್ಲಿ ಅನೇಕರು ಇದನ್ನು ಕಂಡಿರಬಹುದು.

ಕ್ಯಾಮರಾದೊಡನೆ ಮಾತುಕತೆ

ಪೊಟ್ಟಣಗಳನ್ನು ಕಳುಹಿಸೆಂದು ಕ್ಯಾಮರಾವನ್ನು ಕೇಳುವವರಾರು, ಕೇಳುವುದು ಹೇಗೆ? ಮೊದಲು ಅದರ ವಿಳಾಸ ತಿಳಿಯಬೇಕು. ರೌಟರು ತನ್ನ ಜಾಲದೊಳಗಿನ ಪ್ರತಿಯೊಂದು ಉಪಕರಣಕ್ಕೂ 192.168.1.20 ಎಂಬಂತಹ ಒಂದು ಸಂಖ್ಯೆಯನ್ನು ಕೊಡುವುದು. 192.168 ಎಂದು ಮೊದಲಾಗುವ 65,536 ವಿಳಾಸಗಳನ್ನು ಖಾಸಗಿ ಜಾಲಗಳ ಬಳಕೆಗೆಂದೇ ಮೀಸಲಾಗಿರಿಸಲಾಗಿದೆ. ತೋಟದ ಲೈನ್‌ಮನೆಗಳಿಗೆ ಹಾಕಿದ ನಂಬರುಗಳಂತೆ ಇವು. ತೋಟದೊಳಗೆ ‘ಏಳನೆಯ ಮನೆ’ ಎಂದರೆ ಎಲ್ಲರಿಗೂ ಗೊತ್ತು. ತೋಟದ ಹೊರಗೆ ಆ ನಂಬರಿಗೆ ಅರ್ಥವಿಲ್ಲ. ಪಕ್ಕದ ತೋಟದಲ್ಲಿಯೂ ಒಂದು ಏಳನೆಯ ಮನೆಯಿರಬಹುದು. ಕ್ಯಾಮರಾದ ವಿಳಾಸ ದಿನಕ್ಕೊಂದಾಗದಂತೆ ಅದನ್ನು ರೌಟರಿನಲ್ಲಿ ಸ್ಥಿರಪಡಿಸಿಕೊಳ್ಳುವುದು ಒಳ್ಳೆಯದು.

ಮಾತುಕತೆಯ ಭಾಷೆ ಆರ್‌ಟಿಎಸ್‌ಪಿ. ಇದರ ಮೊದಲ ನಿಯಮಾವಳಿ 1998ರ ಏಪ್ರಿಲಿನಲ್ಲಿ ಹೊರಬಂದಿತು. ಕ್ಯಾಮರಾದ ಕಡೆ ಇದಕ್ಕಾಗಿ ಸಾಮಾನ್ಯವಾಗಿ 554 ಎಂಬ ಸಂಖ್ಯೆಯ ಬಾಗಿಲು ತೆರೆದಿರುವುದು. ನೋಡಬಯಸುವ ಪ್ರೋಗ್ರಾಮು ಅಲ್ಲಿಗೆ ಬಂದು, ‘ನಿನ್ನಲ್ಲಿ ಏನಿದೆ, ವಿವರಿಸು’ ಎಂದು ಕೇಳುವುದು. ಕ್ಯಾಮರಾ ಹೆಸರನ್ನೂ ಗುಪ್ತಪದವನ್ನೂ ವಿಚಾರಿಸಿ, ಇಂತಹ ವಿಧಾನದಲ್ಲಿ ಸಂಕ್ಷೇಪಿಸಿದ ದೃಶ್ಯವಿದೆ, ಇಂತಹ ಧ್ವನಿಯಿದೆ ಎಂದು ಉತ್ತರಿಸುವುದು. ಆಮೇಲೆ ‘ಅಣಿಮಾಡು’, ‘ನಡೆಸು’ ಎಂಬ ಅಪ್ಪಣೆಗಳು, ಪೊಟ್ಟಣಗಳು ಹೊರಡುವುವು. ಸಾಕಾದಾಗ ‘ಮುಗಿಸು’. ಚಿತ್ರವನ್ನು ಹೊರುವುದು ಆರ್‌ಟಿಪಿಯ ಕೆಲಸ. ಹೊರಡು, ನಿಲ್ಲು ಎಂದು ಹೇಳುವುದು ಆರ್‌ಟಿಎಸ್‌ಪಿಯ ಕೆಲಸ.

ಒಂದೊಂದು ಕಂಪನಿಯ ಕ್ಯಾಮರಾಕ್ಕೂ ಒಂದೊಂದು ಭಾಷೆಯಿದ್ದರೆ ಕೊಂಡವನು ಆ ಕಂಪನಿಗೇ ಕಟ್ಟುಬೀಳಬೇಕಾಗುತ್ತಿತ್ತು. ಸ್ವೀಡನ್ನಿನ ಆಕ್ಸಿಸ್ ಕಂಪನಿ 1996ರಲ್ಲಿಯೇ ಜಾಲಕ್ಕೆ ನೇರವಾಗಿ ಜೋಡಿಸುವ ಕ್ಯಾಮರಾವನ್ನು ಮಾರಾಟಕ್ಕೆ ತಂದಿತ್ತು. 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಕಂಪನಿಗಳು ಸೇರಿ ಆನ್‌ವಿಫ್ ಎಂಬ ವೇದಿಕೆಯನ್ನು ಸ್ಥಾಪಿಸಿದುವು. ಜಾಲದಲ್ಲಿ ಕ್ಯಾಮರಾವನ್ನು ಹುಡುಕುವುದು, ಅದರ ಚಿತ್ರದ ವಿಳಾಸವನ್ನು ಕೇಳಿ ತಿಳಿಯುವುದು, ಅದನ್ನು ಎಡಬಲಕ್ಕೆ ತಿರುಗಿಸುವುದು ಮುಂತಾದವಕ್ಕೆ ಅದು ಸಾಮಾನ್ಯ ನಿಯಮಗಳನ್ನು ಮಾಡಿದೆ. ಕ್ಯಾಮರಾ ಕೊಳ್ಳುವಾಗ ಈ ಎರಡು ಹೆಸರುಗಳು ಅದರ ವಿವರಪತ್ರದಲ್ಲಿವೆಯೇ ಎಂದು ನೋಡಿಕೊಳ್ಳಬೇಕು. ಅವಿಲ್ಲದ ಕ್ಯಾಮರಾದ ಚಿತ್ರವು ಎಷ್ಟೇ ಚೆನ್ನಾಗಿದ್ದರೂ, ತಯಾರಕನ ಆ್ಯಪು ಕೃಪೆ ಮಾಡಿದಷ್ಟು ಕಾಲ ಮಾತ್ರ ಅದು ನಮ್ಮದು.

ಪಡೆಯುವ ಕಡೆಗೂ ಹಣ ತೆರಬೇಕಾಗಿಲ್ಲ. ವಿಎಲ್‌ಸಿ ಎಂಬ ಉಚಿತ ಪ್ರೋಗ್ರಾಮು ಅನೇಕರ ಗಣಕಯಂತ್ರದಲ್ಲಿ ಆಗಲೇ ಇರುವುದು. ಇದು 1996ರಲ್ಲಿ ಫ್ರಾನ್ಸಿನ ಎಕೋಲ್ ಸಾಂತ್ರಾಲ್ ಪಾರಿ ಎಂಬ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಆವರಣದ ಸ್ಥಳೀಯ ಜಾಲದ ಮೇಲೆ ದೃಶ್ಯಗಳನ್ನು ಹಂಚುವುದಕ್ಕಾಗಿ ಕೈಗೊಂಡ ಕೆಲಸದಿಂದ ಹುಟ್ಟಿದುದು. 2001ರಲ್ಲಿ ಎಲ್ಲರ ಬಳಕೆಗೂ ಬಿಡುಗಡೆಯಾಯಿತು. ಕ್ಯಾಮರಾದ ಆರ್‌ಟಿಎಸ್‌ಪಿ ವಿಳಾಸವನ್ನು ಅದಕ್ಕೆ ಕೊಟ್ಟರೆ ಕಣವು ಪರದೆಯ ಮೇಲೆ ಮೂಡುವುದು. ಹೊರಗಿನ ಇಂಟರ್‌ನೆಟ್ಟಿನ ತಂತಿಯನ್ನು ರೌಟರಿನಿಂದ ಕಿತ್ತು ನೋಡಿದರೂ ಚಿತ್ರ ನಿಲ್ಲುವುದಿಲ್ಲ.

ಒಬ್ಬ ಕೂಗಿದರೆ ಎಷ್ಟು ಮಂದಿಗೆ ಕೇಳುವುದು?

ಮಲೆನಾಡಿನ ಗುಡ್ಡದ ಮೇಲೆ ನಿಂತು ಒಬ್ಬನು ಒಮ್ಮೆ ಕೂ ಹಾಕಿದರೆ ಕಣಿವೆಯ ಮನೆಗಳಿಗೆಲ್ಲ ಕೇಳುವುದು. ಜಾಲದಲ್ಲಿ ಸಾಮಾನ್ಯವಾಗಿ ಹಾಗಲ್ಲ. ನಾಲ್ವರು ನೋಡಿದರೆ ಕ್ಯಾಮರಾವು ನಾಲ್ಕು ಪ್ರತಿಗಳನ್ನು ಬೇರೆಬೇರೆಯಾಗಿ ಕಳುಹಿಸಬೇಕು. 4 ಮೆಗಾಬಿಟ್ಟು 16 ಆಗುವುದು. ಕ್ಯಾಮರಾದೊಳಗಿನ ಗಣಕವು ಬಹು ಸಣ್ಣದು. ಕೆಲವೇ ನೋಟಕರಿಗೆ ಅದು ದಣಿದು, ಉಳಿದವರಿಗೆ ಬಾಗಿಲು ಮುಚ್ಚುವುದು. ಪರಿಹಾರವೆಂದರೆ ನಡುವೆ ಒಂದು ಗಣಕಯಂತ್ರವನ್ನಿಡುವುದು. ಅದು ಕ್ಯಾಮರಾದಿಂದ ಒಂದೇ ಪ್ರತಿಯನ್ನು ಪಡೆದು, ಕೇಳಿದವರಿಗೆಲ್ಲ ತಾನೇ ಹಂಚುವುದು. ಊರಿನ ಹಾಲನ್ನು ಡೈರಿಯು ಒಂದೆಡೆ ಪಡೆದು ಹಂಚುವಂತೆಯೇ ಇದು. ಈ ಹಂಚಿಕೆಗೆ ಮೀಡಿಯಾಎಂಟಿಎಕ್ಸ್, ಗೋ2ಆರ್‌ಟಿಸಿ ಎಂಬ ಉಚಿತ ಪ್ರೋಗ್ರಾಮುಗಳಿವೆ. ವೆಬ್ ಬ್ರೌಸರುಗಳು ಆರ್‌ಟಿಎಸ್‌ಪಿಯನ್ನು ಅರಿಯವು. ಅವಕ್ಕೆ ಅರ್ಥವಾಗುವ ವೆಬ್‌ಆರ್‌ಟಿಸಿ ಮೊದಲಾದ ರೂಪಗಳಿಗೆ ಚಿತ್ರವನ್ನು ಬದಲಿಸಿಕೊಡುವ ದುಭಾಷಿಯ ಕೆಲಸವನ್ನೂ ಈ ಮಧ್ಯವರ್ತಿಯೇ ಮಾಡುವುದು.

ಹೀಗೆ ಹಂಚಿದ ಚಿತ್ರದಿಂದ ಏನೇನು ಮಾಡಬಹುದು? ಒಂದು ಪ್ರೋಗ್ರಾಮು ತೋರಿಸುವುದು. ಇನ್ನೊಂದು ದಾಖಲಿಸುವುದು: ಸೆಕೆಂಡಿಗೆ 2 ಮೆಗಾಬಿಟ್ಟಿನ ಚಿತ್ರವಾದರೆ ದಿನಕ್ಕೆ 21.6 ಗಿಗಾಬೈಟ್, 30 ದಿನಕ್ಕೆ 648 ಗಿಗಾಬೈಟ್. ಎಂದರೆ ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಒಂದು ತಿಂಗಳ ಕಾವಲು ಅಡಗುವುದು. ಮೂರನೆಯದು ಚಿತ್ರವನ್ನು ಪರೀಕ್ಷಿಸುವುದು. ಮೂಡಿಗೆರೆಯ ಕಡೆಯ ತೋಟಗಳಿಗೆ ಕಾಡಾನೆಗಳು ಬರುವುದನ್ನು ಎಲ್ಲರೂ ಬಲ್ಲರು. ಮನುಷ್ಯ, ನಾಯಿ, ಆನೆ ಎಂದು ಆಕಾರಗಳನ್ನು ಗುರುತಿಸಿ ಗಂಟೆ ಬಾರಿಸುವ ಪ್ರೋಗ್ರಾಮನ್ನು ಮನೆಯ ಗಣಕಯಂತ್ರದಲ್ಲೇ ನಡೆಸಬಹುದು. ಇದಕ್ಕೆ ದೊಡ್ಡ ಚಿತ್ರ ಬೇಕಾಗಿಲ್ಲ. ಹೆಚ್ಚಿನ ಕ್ಯಾಮರಾಗಳು ದೊಡ್ಡ ಚಿತ್ರದ ಜೊತೆಗೆ 640ಕ್ಕೆ 360 ಬಿಂದುಗಳಂತಹ ಒಂದು ಕಿರುಚಿತ್ರವನ್ನೂ ಬೇರೆ ವಿಳಾಸದಲ್ಲಿ ಕೊಡುವುವು. ಪರೀಕ್ಷೆಗೆ ಕಿರಿದು, ದಾಖಲೆಗೆ ಹಿರಿದು ಎಂದು ಹಂಚಿಕೊಂಡರೆ ಎಲ್ಲರ ಹೊರೆಯೂ ಇಳಿಯುವುದು.

ತಡವೆಲ್ಲಿ ಆಗುವುದು?

ವಿದ್ಯಾರ್ಥಿಗಳು ಮಾಡಿನೋಡಬಹುದಾದ ಒಂದು ಪ್ರಯೋಗವನ್ನು ಇಲ್ಲಿ ಹೇಳುವೆವು. ಒಂದು ಫೋನಿನಲ್ಲಿ ಸೆಕೆಂಡಿನ ನೂರನೆಯ ಪಾಲನ್ನು ತೋರಿಸುವ ಸ್ಟಾಪ್‌ವಾಚನ್ನು ಓಡಿಸಿ, ಅದನ್ನು ಕ್ಯಾಮರಾದ ಮುಂದಿಡಿ. ಕ್ಯಾಮರಾದ ಚಿತ್ರ ಕಾಣುವ ಪರದೆಯೂ ಆ ಫೋನೂ ಒಟ್ಟಿಗೆ ಬರುವಂತೆ ಇನ್ನೊಂದು ಫೋನಿನಿಂದ ಫೋಟೊ ತೆಗೆಯಿರಿ. ಫೋಟೊದಲ್ಲಿ ಎರಡು ಕಾಲಗಳು ಕಾಣುವುವು. ಅವುಗಳ ವ್ಯತ್ಯಾಸವೇ ಚಿತ್ರದ ವಿಳಂಬ.

ಈ ವಿಳಂಬಕ್ಕೆ ದೂರವೇ ಕಾರಣವೆಂದು ತೋರುವುದು ಸಹಜ. ಲೆಕ್ಕ ಬೇರೆಯೇ ಹೇಳುವುದು. ತಂತಿಯಲ್ಲಿ ಸಂಕೇತವು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ವೇಗದಿಂದ ಹೋಗುವುದು. 100 ಮೀಟರನ್ನು ಕ್ರಮಿಸಲು ಸೆಕೆಂಡಿನ ಇಪ್ಪತ್ತು ಲಕ್ಷದ ಒಂದು ಪಾಲು ಸಾಕು. ತಡವಾಗುವುದು ದಾರಿಯಲ್ಲಲ್ಲ, ತುದಿಗಳಲ್ಲಿ. ಕ್ಯಾಮರಾವು ಸಂಕ್ಷೇಪಿಸಲು ಸ್ವಲ್ಪ ಕಾಲವನ್ನು ತೆಗೆದುಕೊಳ್ಳುವುದು. ಪಡೆಯುವ ಪ್ರೋಗ್ರಾಮು ಪೊಟ್ಟಣಗಳು ಏರುಪೇರಾಗಿ ಬಂದರೂ ಚಿತ್ರ ತಡವರಿಸದಿರಲೆಂದು ಕೆಲವನ್ನು ಕೂಡಿಟ್ಟುಕೊಂಡು ಆಮೇಲೆ ತೋರಿಸುವುದು; ವಿಎಲ್‌ಸಿಯಲ್ಲಿ ಈ ಸಂಗ್ರಹ ಸಾಮಾನ್ಯವಾಗಿ 1 ಸೆಕೆಂಡಿನಷ್ಟು. ಅದನ್ನು ಕಡಿಮೆ ಮಾಡಿ ಪ್ರಯೋಗವನ್ನು ಮತ್ತೆ ನಡೆಸಿದರೆ ವಿಳಂಬವು ಇಳಿಯುವುದನ್ನೂ, ಬಹಳ ಕಡಿಮೆ ಮಾಡಿದರೆ ಚಿತ್ರ ಮುಗ್ಗರಿಸುವುದನ್ನೂ ಕಾಣಬಹುದು.

ಗುಡುಗು, ಕತ್ತಲೆ, ತಂತಿ

ಕಣದವರೆಗೆ ಜಾಲವನ್ನು ಒಯ್ಯುವುದು ಹೇಗೆಂಬುದೂ ಭೌತವಿಜ್ಞಾನದ ಪ್ರಶ್ನೆಯೇ. ವೈಫೈಯ 2.4 ಗಿಗಾಹರ್ಟ್ಸ್ ತರಂಗದ ಉದ್ದ 12.5 ಸೆಂಟಿಮೀಟರು. ದಟ್ಟವಾದ ಎಲೆಗಳು, ಅದರಲ್ಲಿಯೂ ನೆನೆದ ಎಲೆಗಳು, ಇದನ್ನು ಹೀರಿ ಚದುರಿಸುವುವು. ನೆರಳುಮರಗಳ ತೋಪಿನ ಮೂಲಕ ಅದನ್ನು ನೆಚ್ಚುವಂತಿಲ್ಲ. ತಾಮ್ರದ ಈಥರ್‌ನೆಟ್ ತಂತಿಗೆ 100 ಮೀಟರಿನ ಮಿತಿಯಿದೆ. ಆದರೆ ಅದೇ ತಂತಿಯಲ್ಲಿ ಕ್ಯಾಮರಾಕ್ಕೆ ಬೇಕಾದ ವಿದ್ಯುತ್ತನ್ನೂ ಕಳುಹಿಸಬಹುದು. 2003ರ ನಿಯಮದಂತೆ ಹೀಗೆ 15.4 ವ್ಯಾಟ್‌ವರೆಗೆ ಕೊಡಬಹುದು. ಸಾಮಾನ್ಯ ಕ್ಯಾಮರಾಕ್ಕೆ ಇದು ಧಾರಾಳ. ತಾಮ್ರಕ್ಕೆ ಮಲೆನಾಡಿನಲ್ಲಿ ಒಂದು ಶತ್ರುವುಂಟು. ಹತ್ತಿರದಲ್ಲಿ ಸಿಡಿಲು ಬಡಿದಾಗ ಉದ್ದವಾದ ತಂತಿಯಲ್ಲಿ ಪ್ರೇರಿತ ವಿದ್ಯುತ್ತು ಉಂಟಾಗಿ, ಎರಡು ತುದಿಗಳ ಉಪಕರಣಗಳೂ ಸುಡಬಹುದು. ಗಾಜಿನ ಎಳೆಯಲ್ಲಿ ಬೆಳಕನ್ನು ಹರಿಸುವ ಆಪ್ಟಿಕಲ್ ಫೈಬರಿಗೆ ಈ ಭಯವಿಲ್ಲ. ಒಂದು ಕಟ್ಟಡದಿಂದ ಮತ್ತೊಂದಕ್ಕೆ ಅದೇ ಉತ್ತಮ. ಆಗ ಕ್ಯಾಮರಾಕ್ಕೆ ವಿದ್ಯುತ್ತನ್ನು ಕಣದಲ್ಲಿಯೇ ಒದಗಿಸಬೇಕಾಗುವುದು.

ಕರೆಂಟು ಹೋದಾಗ? ಸುಮಾರು 5 ವ್ಯಾಟಿನ ನಾಲ್ಕು ಕ್ಯಾಮರಾಗಳು, ರೌಟರು, ಸ್ವಿಚ್ಚು, ದಾಖಲಿಸುವ ಯಂತ್ರ ಇವಕ್ಕೆಲ್ಲ 50 ವ್ಯಾಟ್ ಎಂದಿಟ್ಟುಕೊಳ್ಳೋಣ. 12 ವೋಲ್ಟ್, 150 ಆಂಪೇರ್-ಗಂಟೆಯ ಇನ್ವರ್ಟರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆಯ ಶಕ್ತಿಯಿರುವುದು. ಲೆಕ್ಕದಂತೆ 36 ಗಂಟೆ. ನಷ್ಟಗಳನ್ನು ಕಳೆದರೆ ಒಂದು ಹಗಲು, ಒಂದು ರಾತ್ರಿ ಎನ್ನಬಹುದು. ಊರಿಗೆಲ್ಲ ಕತ್ತಲೆಯಾಗಿ ಹೊರಗಿನ ಸಂಪರ್ಕ ಕಡಿದ ರಾತ್ರಿಯಲ್ಲಿಯೂ ಸ್ಥಳೀಯ ಜಾಲದ ಕಾವಲು ಇಷ್ಟು ಹೊತ್ತು ಎಚ್ಚರವಾಗಿರಬಲ್ಲದು. ಕಾವಲು ಮುಖ್ಯವಾಗಿ ಬೇಕಾಗುವುದೂ ಅಂತಹ ರಾತ್ರಿಯಲ್ಲಿಯೇ.

ನೋಡುವ ಕಣ್ಣಿಗೂ ಕಾವಲು

ಹಂಚಿಕೆ ಸುಲಭವಾದಷ್ಟೂ ಎಚ್ಚರಿಕೆ ಹೆಚ್ಚಾಗಿರಬೇಕು. ಸಾಮಾನ್ಯ ಆರ್‌ಟಿಎಸ್‌ಪಿಯಲ್ಲಿ ಚಿತ್ರವು ಗೂಢಲಿಪಿಯಲ್ಲಿರುವುದಿಲ್ಲ. ಜಾಲದೊಳಗೆ ನುಸುಳಿದವನು ಅದನ್ನು ಓದಿಕೊಳ್ಳಬಹುದು. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಬದಲಿಸದೆ ಬಿಡುವುದು ಬೀಗ ಹಾಕಿ ಕೀಲಿಯನ್ನು ಅದಕ್ಕೇ ತೂಗುಹಾಕಿದಂತೆ. 2016ರಲ್ಲಿ ಮಿರಾಯ್ ಎಂಬ ಕೆಡುಕಿನ ಪ್ರೋಗ್ರಾಮು ಇಂತಹ ಅರುವತ್ತರಷ್ಟು ಸಿದ್ಧ ಗುಪ್ತಪದಗಳನ್ನು ಒಂದೊಂದಾಗಿ ಪ್ರಯತ್ನಿಸಿ ಲೋಕದಾದ್ಯಂತ ಕ್ಯಾಮರಾಗಳನ್ನೂ ದಾಖಲೆಯಂತ್ರಗಳನ್ನೂ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳ ಮೂಲಕ ನಡೆದ ದಾಳಿಯಿಂದ ಅಮೆರಿಕದಲ್ಲಿ ಅನೇಕ ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ದೊರೆಯದಾದುವು. ಕ್ಯಾಮರಾಗಳಿಗೆ ಸುರಕ್ಷತೆಯ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ನಿಯಮಗಳನ್ನು ಭಾರತ ಸರ್ಕಾರವು 2024ರಲ್ಲಿ ಹೊರಡಿಸಿತು. ನಿಯಮವಿದ್ದರೂ ಗುಪ್ತಪದವನ್ನು ಬದಲಿಸಬೇಕಾದವರು ನಾವೇ. 554ನೆಯ ಬಾಗಿಲನ್ನು ಇಂಟರ್‌ನೆಟ್ಟಿನ ಕಡೆಗೆ ತೆರೆದಿಡಲೇಬಾರದು. ದೂರದಿಂದ ನೋಡಬೇಕಾದವರು ವಿಪಿಎನ್ ಎಂಬ ಗೂಢಮಾರ್ಗದಿಂದ ಮನೆಯ ಜಾಲವನ್ನು ಪ್ರವೇಶಿಸುವುದು ಯುಕ್ತ. ಕಳ್ಳನು ದಾಖಲೆಯಂತ್ರವನ್ನೇ ಹೊತ್ತೊಯ್ಯಬಹುದಾದುದರಿಂದ, ಮುಖ್ಯವಾದ ದೃಶ್ಯಗಳ ಒಂದು ಪ್ರತಿ ಬೇರೆ ಕಡೆ ಇರುವುದೂ ವಿವೇಕವೇ.

ಇನ್ನೊಂದು ಮಾತು ಯಂತ್ರಕ್ಕೆ ಸೇರಿದ್ದಲ್ಲ. ಕಣದ ಕಂಬದ ಮೇಲಿನ ಕ್ಯಾಮರಾವನ್ನು ಕೊಂಚ ಓರೆಯಾಗಿ ತಿರುಗಿಸಿದರೆ ಅದರ ಅಂಚಿನಲ್ಲಿ ಲೈನ್‌ಮನೆಯ ಬಾಗಿಲೂ, ನೀರಿನ ನಲ್ಲಿಯೂ, ಬಟ್ಟೆ ಒಗೆಯುವ ಕಲ್ಲೂ ಬೀಳುವುವು. ಕಾಫಿಗೆ ಕಾವಲು ಬೇಕು ನಿಜ. ಅಲ್ಲಿ ವಾಸಿಸುವ ಹೆಂಗಸರೂ ಮಕ್ಕಳೂ ಆ ಕಾವಲಿನ ವಸ್ತುಗಳಲ್ಲ. ಚಿತ್ರದ ಒಂದು ಭಾಗವನ್ನು ಕಪ್ಪಾಗಿ ಮುಚ್ಚುವ ಅನುಕೂಲವು ಅನೇಕ ಕ್ಯಾಮರಾಗಳಲ್ಲಿದೆ. ಮುಚ್ಚಿದ ಭಾಗವು ಕ್ಯಾಮರಾದಿಂದ ಹೊರಡುವ ಮೊದಲೇ ಅಳಿಸಿಹೋಗುವುದರಿಂದ ಯಾವ ಪ್ರೋಗ್ರಾಮಿಗೂ ಅದು ದೊರೆಯದು. ಒಂದು ಚಿತ್ರವನ್ನು ಹತ್ತು ಕಡೆಗೆ ಹಂಚಲು ಕಲಿತವರು, ಹಂಚುವ ಮೊದಲು ಆ ಚಿತ್ರದ ಅಂಚುಗಳನ್ನು ಒಮ್ಮೆ ನಿಧಾನವಾಗಿ ನೋಡಬೇಕು.